ಕತ್ತಲಾದ ಫೋಟೋಗೆ ಬೆಳಕು: ಬ್ರೈಟ್‌ನೆಸ್, ಶ್ಯಾಡೋಸ್, ಕರ್ವ್ಸ್

ಬಾದಾಮಿಯ ಮೂರನೇ ಗುಹೆಯಲ್ಲಿ ಶೇಷನ ಮೇಲೆ ಕೂತ ವಿಷ್ಣುವಿನ ದೊಡ್ಡ ಶಿಲ್ಪವಿದೆ. ಕ್ರಿ.ಶ. 578ರ ಶಾಸನ ಇರುವ ಗುಹೆ ಅದೇ. ಮೊಬೈಲಿನಲ್ಲಿ ತೆಗೆದ ಅದರ ಫೋಟೋದಲ್ಲಿ ಶಿಲ್ಪ ಕಪ್ಪಾಗಿತ್ತು, ಅಂಚಿನಲ್ಲಿ ಕಾಣುವ ಬಿಸಿಲು ಬೆಳ್ಳಗೆ ಸುಟ್ಟಿತ್ತು. ಎಡಿಟಿಂಗ್ ಈಗಷ್ಟೇ ಕಲಿಯುತ್ತಿದ್ದೇನೆ. ಹಾಗಾಗಿ ಇದೊಂದನ್ನೇ ಸ್ನ್ಯಾಪ್‌ಸೀಡ್ ಎಂಬ ಫೋಟೋ ತಿದ್ದುವ ಆ್ಯಪ್‌ನಲ್ಲಿ ಬ್ರೈಟ್‌ನೆಸ್, ಶ್ಯಾಡೋಸ್, ಕರ್ವ್ಸ್ ಎಂಬ ಮೂರು ಬಗೆಯಲ್ಲಿ ತಿದ್ದಿ, ಪಕ್ಕಪಕ್ಕ ಇಟ್ಟು ನೋಡಿದೆ.

ಬ್ರೈಟ್‌ನೆಸ್ ಬಗ್ಗೆ ಹೇಳುವುದು ಕಡಿಮೆ. ಶಿಲ್ಪದ ಜೊತೆಗೆ ಬಿಸಿಲೂ ಇನ್ನಷ್ಟು ಬೆಳ್ಳಗಾಯಿತು, ಇಡೀ ಚಿತ್ರ ಮಂಜು ಕವಿದ ಹಾಗೆ ಮಂಕಾಯಿತು. ಈ ಫೋಟೋಗೆ ಅದು ಬೇಡ.

ಶ್ಯಾಡೋಸ್ ಹಾಗಲ್ಲ, ಕತ್ತಲ ಭಾಗವನ್ನು ಮಾತ್ರ ಮೇಲೆತ್ತುತ್ತದೆ. ಸ್ವಲ್ಪ ಎಳೆದೊಡನೆ ಹೆಡೆಗಳು ಕಂಡವು, ಮರಳುಗಲ್ಲಿನ ಕೆಂಪು ಬಂತು. ತುಂಬಾ ಖುಷಿಯಾಯಿತು! ಆದರೆ 100ರವರೆಗೆ ಎಳೆದರೆ ಕಪ್ಪಿದ್ದ ಕಡೆಯೆಲ್ಲ ಕಾಳುಕಾಳು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕೆತ್ತನೆಯ ಆಳ ನಮಗೆ ಕಾಣುವುದೇ ನೆರಳಿನಿಂದ, ಅಲ್ವಾ? ನೆರಳನ್ನೆಲ್ಲ ಅಳಿಸಿದರೆ ಶಿಲ್ಪ ಚಪ್ಪಟೆಯಾಗುತ್ತದೆ. ಈ ಫೋಟೋಗೆ 30ರ ಆಸುಪಾಸು ಸಾಕು ಅನ್ನಿಸಿತು.

ಕರ್ವ್ಸ್ ಮೊದಲು ತಲೆಬಿಸಿ ಮಾಡುತ್ತದೆ. ಓರೆಯಾದ ಗೆರೆ ಒಂದಿರುತ್ತದೆ. ಅದರ ಎಡ ತುದಿ ಕಡುಗಪ್ಪು, ಬಲ ತುದಿ ಬಿಳುಪು. ಎಡ ತುದಿಯ ಹತ್ತಿರ ಒಂದು ಚುಕ್ಕಿ ಇಟ್ಟು ಕಪ್ಪನ್ನು ಹಿಡಿದುಕೊಂಡೆ. ಅದರಿಂದ ಸ್ವಲ್ಪ ಬಲಕ್ಕೆ ಇನ್ನೊಂದು ಚುಕ್ಕಿ ಇಟ್ಟು ಮೇಲೆತ್ತಿದೆ. ಬಲ ತುದಿಯ ಬಳಿ ಮೂರನೆಯದು, ಬಿಸಿಲು ಏರದ ಹಾಗೆ. ಹೆಡೆಗಳ ಸಂದಿನ ಕಪ್ಪು ಹಾಗೇ ಉಳಿಯಿತು, ಮುಖ ಮಾತ್ರ ಬೆಳಗಿತು. ಗುಹೆಯೊಳಗೆ ನಿಂತಾಗ ಕಣ್ಣಿಗೆ ಕಂಡದ್ದಕ್ಕೆ ಹತ್ತಿರ ಬಂದದ್ದು ಇದೊಂದೇ. ಕಲ್ಲಿನ ಕೆತ್ತನೆಗೆ ನನ್ನ ಮತ ಕರ್ವ್ಸ್‌ಗೇ. ಮನೆಯವರ ಫೋಟೋ ಬೇಗ ಕಳಿಸಬೇಕಾದರೆ ಶ್ಯಾಡೋಸ್ ಧಾರಾಳವಾಗಿ ಸಾಕು.

ಹೊರಗಿನ ಬಿಸಿಲನ್ನು ಮಾತ್ರ ಮೂರೂ ಉಳಿಸಲಿಲ್ಲ. ಮೊಬೈಲ್ ಫೋಟೋಗಳು ಸಾಮಾನ್ಯವಾಗಿ ಇರುವ ಜೆಪೆಗ್ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದು ಬಣ್ಣಕ್ಕೂ 0ಯಿಂದ 255ರವರೆಗೆ ಮೆಟ್ಟಿಲು. ಮೂರೂ ಬಣ್ಣ 255 ಮುಟ್ಟಿದ ಜಾಗದಲ್ಲಿ ಯಾವ ವಿವರವೂ ಉಳಿದಿರುವುದಿಲ್ಲ. ಅದಕ್ಕೆ ಫೋಟೋ ತೆಗೆಯುವಾಗಲೇ ತೆರೆಯ ಮೇಲೆ ಬಿಸಿಲಿರುವ ಕಡೆ ಮುಟ್ಟಿ ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ. ಶಿಲ್ಪ ಇನ್ನೂ ಕಪ್ಪಾಗಿ ಬಂದರೂ ಪರವಾಗಿಲ್ಲ, ಅದನ್ನು ಕರ್ವ್ಸ್‌ನಲ್ಲಿ ಒಂದು ಮಟ್ಟಿಗೆ ಎತ್ತಬಹುದು.