ಹೊಟ್ಟೆಯಲ್ಲಿ ಮಲಗಿದ ಹುಳಕ್ಕೆ ಯಾವ ಮದ್ದು? ಲೆವಾಮಿಸೋಲ್, ಫೆನ್‌ಬೆಂಡಜೋಲ್ ಎರಡೂ ಹಾಕಿ ನೋಡಿದೆ

ನಾವು ವಿಜಯಪುರದ ಕಡೆಯವರು. ಪುಣೆ ಹತ್ತಿರ ಸಾಸ್ವಡದಲ್ಲಿ 11 ಉಸ್ಮಾನಾಬಾದಿ ಆಡು ಸಾಕಿದ್ದೇವೆ. ಎರಡು ಬೇಸಿಗೆ ಎರಡು ಬೇರೆ ಮದ್ದು ಕುಡಿಸಿದೆ. ಇನ್ಮುಂದೆ ನನ್ನ ಮನೆಗೆ ಫೆನ್‌ಬೆಂಡಜೋಲೇ. ಲೆವಾಮಿಸೋಲ್ ನಂಬಿದ ವರ್ಷ ಒಂದು ಗಬ್ಬದ ಆಡು ಸತ್ತಿತು.

ಆ ಏಪ್ರಿಲ್‌ನಲ್ಲಿ ಮದ್ದು ಹಾಕಿ, ಎರಡು ವಾರ ಬಿಟ್ಟು ಹಿಕ್ಕೆ ಪರೀಕ್ಷೆ ಮಾಡಿಸಿದೆ. ಒಂದೂ ಮೊಟ್ಟೆ ಇಲ್ಲ ಅಂದರು. ನಿಶ್ಚಿಂತೆಯಾಗಿದ್ದೆ. ಜೂನ್‌ನಲ್ಲಿ ಮಳೆ ಹಿಡಿದು 10 ದಿನಕ್ಕೆ ಮೂರು ಆಡಿನ ಗದ್ದದ ಕೆಳಗೆ ನೀರು ತುಂಬಿತು. ಕೆಳರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬಿಳಿ. ಹೊಸ ಹುಲ್ಲಿನ ಜೊತೆ ಹೊಕ್ಕ ಹುಳ ದೊಡ್ಡದಾಗಲು ಸುಮಾರು 3 ವಾರ ಬೇಕು. ಹಾಗಾದರೆ ಇಷ್ಟು ಬೇಗ ಎಲ್ಲಿಂದ ಬಂದವು?

ಸತ್ತ ಆಡನ್ನು ಕೊಯ್ದು ವೈದ್ಯರು ನಾಲ್ಕನೇ ಹೊಟ್ಟೆ ತೋರಿಸಿದರು. ಕೆಂಪು ಬಿಳಿ ಹುರಿ ಹೊಸೆದಂಥ ಹುಳ, ಹೀಮಾಂಕಸ್. ರಕ್ತ ಹೀರುವ ಜಾತಿ. ಹೊರಗೆ ಒಣಗಿದ ಕಾಲದಲ್ಲಿ ಮೊಟ್ಟೆ ಇಟ್ಟರೂ ಮರಿ ಉಳಿಯುವುದಿಲ್ಲ, ಅಲ್ವಾ? ಅದಕ್ಕೇ ಮರಿಹುಳ ನಾಲ್ಕನೇ ಹಂತದ ಶುರುವಿನಲ್ಲೇ ಬೆಳೆಯುವುದು ನಿಲ್ಲಿಸಿ, ಅದೇ ಹೊಟ್ಟೆಯ ಒಳಪದರದಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ. ಮಲಗಿದ ಹುಳ ಮೊಟ್ಟೆ ಇಡುವುದಿಲ್ಲ. ಹಿಕ್ಕೆಯಲ್ಲಿ ಸಿಗುವುದಾದರೂ ಏನು? ಮಳೆಗಾಲಕ್ಕೆ, ಇಲ್ಲವೇ ಆಡು ಈಯುವ ಹೊತ್ತಿಗೆ ಒಟ್ಟಿಗೆ ಏಳುತ್ತವೆ. ಎದ್ದು ಬೆಳೆದ ಒಂದು ಹೆಣ್ಣು ದಿನಕ್ಕೆ 5,000ಕ್ಕಿಂತ ಜಾಸ್ತಿ ಮೊಟ್ಟೆ ಇಡಬಲ್ಲದು.

ಲೆವಾಮಿಸೋಲ್ ಬೆಳೆದ ಹುಳದ ಸ್ನಾಯು ಹಿಡಿದು ಕೆಡವುತ್ತದೆ. ಆದರೆ ಮೈಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮಲಗಿದ್ದಕ್ಕೆ ಸರಿಯಾಗಿ ತಾಗುವುದಿಲ್ಲ. ಅಳತೆ ಹೆಚ್ಚಾದರೆ ಆಡು ಜೊಲ್ಲು ಸುರಿಸಿ ನಡುಗುತ್ತದೆ. ಬೆಲೆ ಕಡಿಮೆ, ಅದು ನಿಜ.

ಫೆನ್‌ಬೆಂಡಜೋಲ್ ನಿಧಾನವಾಗಿ ಕರಗುತ್ತದೆ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಮಲಗಿದ ಮರಿಹುಳವನ್ನೂ ಮುಟ್ಟುತ್ತದೆ. ಗಬ್ಬದ ಆಡಿಗೂ ಕೊಡಬಹುದು ಅಂದರು ವೈದ್ಯರು. ಕುರಿಯ ಅಳತೆ ಆಡಿಗೆ ಸಾಲದು, ಆಡಿನ ಮೈ ಮದ್ದನ್ನು ಬೇಗ ಕಳೆದುಕೊಳ್ಳುತ್ತದೆ. ಅದಕ್ಕೆ ಪ್ರತಿ ಆಡನ್ನೂ ತೂಗಿ, ಅವರು ಹೇಳಿದಷ್ಟನ್ನು ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಕುಡಿಸಿದೆ. ಫೆನ್‌ಬೆಂಡಜೋಲ್ ಹಾಕಿದ ವರ್ಷದ ಜೂನ್‌ನಲ್ಲಿ ಎಲ್ಲ ರೆಪ್ಪೆಯೂ ಕೆಂಪಗಿತ್ತು. ಮೂರು ಆಡು ಈದವು, ಮರಿಗಳೆಲ್ಲ ಉಳಿದವು.

ಐವರ್ಮೆಕ್ಟಿನ್ ಕೂಡ ಮಲಗಿದ್ದನ್ನು ಕೊಲ್ಲುತ್ತದೆ. ಹಾಲನ್ನು ಬಹಳ ದಿನ ಬಿಡಬೇಕು, ನಮ್ಮ ಮನೆಯಲ್ಲಿ ಅದೇ ಹಾಲು ಮಕ್ಕಳಿಗೆ. ಬೇಡ ಅಂದುಕೊಂಡೆ.

100 ಆಡು ಇದ್ದವರು ಬೆಲೆ ಲೆಕ್ಕ ಹಾಕಲೇಬೇಕು. ಎಷ್ಟೋ ಕಡೆ ಫೆನ್‌ಬೆಂಡಜೋಲ್‌ಗೂ ಹುಳ ಬಗ್ಗುತ್ತಿಲ್ಲ. ಹಾಗಾಗಿ ಸುಮ್ನೆ ಪದೇ ಪದೇ ಹಾಕುವುದಿಲ್ಲ. ಏಪ್ರಿಲ್‌ಗೆ ಒಂದು ಸಲ, ಆಮೇಲೆ ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ರೆಪ್ಪೆ ನೋಡುತ್ತೇನೆ.