ಮನೆಯಿಂದ ಟ್ಯಾಲಿ ನೋಡಲು 3389 ಪೋರ್ಟು ತೆರೆದಿಟ್ಟಿದ್ದರೆ ಇಂದೇ ಮುಚ್ಚಿ

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಆದದ್ದು. ಲೆಕ್ಕ ಬರೆಯುವವರು ಮನೆಯಿಂದಲೇ ಟ್ಯಾಲಿ ನೋಡಲಿ ಎಂದು ಫೈರ್‌ವಾಲ್‌ನಲ್ಲಿ ಟಿಸಿಪಿ 3389 ಪೋರ್ಟನ್ನು (ದೂರದಿಂದ ಕಂಪ್ಯೂಟರ್ ನಡೆಸುವ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು) ಸೀದಾ ಟ್ಯಾಲಿ ಕಂಪ್ಯೂಟರಿಗೆ ಫಾರ್ವರ್ಡ್ ಮಾಡಿದ್ದರು. ಸೋರ್ಸ್ ಜಾಗದಲ್ಲಿ 'ಎನಿ', ಅಂದರೆ ಯಾರು ಎಲ್ಲಿಂದ ಬೇಕಾದರೂ ಬರಬಹುದು. ಒಂದು ಬೆಳಿಗ್ಗೆ ನೋಡಿದರೆ ಟ್ಯಾಲಿ ಫೈಲುಗಳ ಹೆಸರೆಲ್ಲ ಬದಲು, ಪಕ್ಕದಲ್ಲಿ ದುಡ್ಡು ಕೇಳುವ ಚೀಟಿ. ಬ್ಯಾಕಪ್ ಡಿಸ್ಕು ಸದಾ ಯುಎಸ್‌ಬಿಗೆ ಚುಚ್ಚಿಯೇ ಇತ್ತು, ಅದೂ ಹೋಯಿತು.

ನಮ್ಮ ಊರಿನ ವಖಾರಿಯನ್ನು ಯಾರು ಹುಡುಕುತ್ತಾರೆ ಎನ್ನಬೇಡಿ. ತೆರೆದ ಪೋರ್ಟು ಹುಡುಕುವ ಸ್ಕ್ಯಾನರ್ ಪ್ರೋಗ್ರಾಂ ಊರು ನೋಡುವುದಿಲ್ಲ, ಐಪಿ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುತ್ತದೆ. ಹೊರಗಿನ ಪೋರ್ಟನ್ನು 33890 ಮಾಡಿದರೆ ಸಾಕು ಎಂದು ಹೇಳಿಕೊಡುವವರೂ ಇದ್ದಾರೆ. ಇರುವುದೇ 65,535 ಪೋರ್ಟು, ತಟ್ಟಿ ನೋಡಲು ಎಷ್ಟು ಹೊತ್ತು ಬೇಕು? ಟ್ಯಾಲಿ ಕಂಪ್ಯೂಟರಿನಲ್ಲಿ ವಿಂಡೋಸ್ ಈವೆಂಟ್ ವ್ಯೂವರ್‌ನ ಸೆಕ್ಯೂರಿಟಿ ಲಾಗ್ ತೆರೆಯಿರಿ. 4625 (ವಿಫಲ ಲಾಗಿನ್) ಸಾಲುಗಟ್ಟಿದ್ದರೆ ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ಅದರ ಬೆನ್ನಿಗೇ ಗುರುತಿಲ್ಲದ ವಿಳಾಸದಿಂದ 4624 (ಯಶಸ್ವಿ ಲಾಗಿನ್) ಇದ್ದರೆ ಒಳಗೆ ಬಂದಾಗಿದೆ. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ.

ಇನ್ನು ಮಳೆಗಾಲದ ಕಿತಾಪತಿ. ಕರೆಂಟು ಹೋಗಿ ಬಂದಾಗ ಡಿಎಚ್‌ಸಿಪಿ (ಒಳಗಿನ ಕಂಪ್ಯೂಟರುಗಳಿಗೆ ಐಪಿ ವಿಳಾಸ ತಾನಾಗಿ ಕೊಡುವ ವ್ಯವಸ್ಥೆ) ಹಂಚಿದ ವಿಳಾಸ ಅದಲುಬದಲಾಗಬಹುದು. ಟ್ಯಾಲಿ ಕಂಪ್ಯೂಟರಿಗಿದ್ದ 192.168.1.10 ಇನ್ನೊಂದಕ್ಕೆ ಸಿಕ್ಕರೆ ಫಾರ್ವರ್ಡ್ ರೂಲ್ ಅದರ ಬಾಗಿಲು ತೆರೆಯುತ್ತದೆ, ನಿಮ್ಮ ಗಮನಕ್ಕೂ ಬರುವುದಿಲ್ಲ. ಯಾವುದನ್ನೇ ಫಾರ್ವರ್ಡ್ ಮಾಡುವ ಮೊದಲು ಆ ಯಂತ್ರದ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಐಪಿ ಕಾಯ್ದಿರಿಸಿ.

ಟ್ಯಾಲಿಗೆ ಮಾತ್ರ ಫಾರ್ವರ್ಡಿಂಗೇ ಬೇಡ. ಫೈರ್‌ವಾಲ್‌ನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ (ಕೀ ಇದ್ದವರಿಗೆ ಮಾತ್ರ ತೆರೆಯುವ ಗುಪ್ತ ಸುರಂಗ) ಹಾಕಿ, ಯುಡಿಪಿ 51820 ಒಂದನ್ನು ತೆರೆದರೆ ಸಾಕು. ಸರಿಯಾದ ಕೀ ಇಲ್ಲದೆ ಬಂದ ಪ್ಯಾಕೆಟ್ಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಸ್ಕ್ಯಾನರಿಗೆ ಸುಳಿವು ಸಿಗುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಕೀ ಕೊಡಿ. ಕೆಲಸ ಬಿಟ್ಟವರ ಕೀ ಅಳಿಸಿ. 3389 ವಿಪಿಎನ್ ಒಳಗಿನಿಂದ ಮಾತ್ರ ತಲುಪುವಂತಿರಲಿ. ಫೈರ್‌ವಾಲ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರು ಹಂಚಿಕೊಂಡಿದ್ದೀರಿ. ಆಗ ಇದೂ ನಡೆಯದು, ಇಂಟರ್ನೆಟ್ ಕೊಡುವವರಲ್ಲಿ ಸ್ಟ್ಯಾಟಿಕ್ ಪಬ್ಲಿಕ್ ಐಪಿ ಕೇಳಬೇಕು.

ಹಳೆಯ ರೂಲ್ ಅಳಿಸಿದೊಡನೆ ಮುಗಿಯಿತೆಂದು ಎದ್ದು ಹೋಗಬೇಡಿ. ಪಿಎಫ್‌ಸೆನ್ಸ್‌ನಂಥ ಫೈರ್‌ವಾಲ್‌ನಲ್ಲಿ ಆಗಲೇ ನಡೆಯುತ್ತಿರುವ ಸಂಪರ್ಕ ಹಾಗೇ ಉಳಿಯುತ್ತದೆ, ನಡೆಯುತ್ತಿರುವ ಸಂಪರ್ಕಗಳ ಪಟ್ಟಿಯಾದ ಸ್ಟೇಟ್ ಟೇಬಲ್ ಖಾಲಿ ಮಾಡಬೇಕು. ಯುಪಿಎನ್‌ಪಿಯನ್ನೂ (ಒಳಗಿನ ಯಂತ್ರಗಳು ಕೇಳಿದ ಪೋರ್ಟನ್ನು ತಾನಾಗಿ ತೆರೆದುಕೊಡುವ ಸೌಲಭ್ಯ) ಆಫ್ ಮಾಡಿ, ಇಲ್ಲದಿದ್ದರೆ ಒಳಗಿನ ಯಾವುದೋ ಸಿಸಿಟಿವಿ ಡಿವಿಆರ್ ತನಗೆ ಬೇಕಾದ ಪೋರ್ಟನ್ನು ತಾನೇ ತೆರೆದುಕೊಳ್ಳುತ್ತದೆ. ಕೊನೆಗೆ ಮೊಬೈಲಿನ ವೈಫೈ ತೆಗೆದು, ಡೇಟಾದಿಂದ ಪಬ್ಲಿಕ್ ಐಪಿಯ 3389ಕ್ಕೆ ಹೋಗಿ ನೋಡಿ. ಸಿಗಬಾರದು.