ಸ್ಯಾಂಟಿಯಾಗೊದಲ್ಲಿ ಸಂವಿಧಾನಕ್ಕೆ ಓಟು: ಐದಕ್ಕೆ ನಾಲ್ಕು ಅಂಕ

2022ರ ಸೆಪ್ಟೆಂಬರ್ 4ರಂದು ಚಿಲಿಯಲ್ಲಿ ಹೊಸ ಸಂವಿಧಾನ ಬೇಕೋ ಬೇಡವೋ ಅಂತ ಜನಮತ ಕೇಳಿದರು. ಇಲ್ಲಿ ಐದು ವರ್ಷಕ್ಕಿಂತ ಜಾಸ್ತಿ ನೆಲೆಸಿದ ಹೊರದೇಶದವರಿಗೂ ಆಗ ಓಟು ಇತ್ತು. ಆ ಸಲವಂತೂ ಕಡ್ಡಾಯ, ಹೋಗದಿದ್ದರೆ ದಂಡ. ಹಾಗಾಗಿ ಹಾಸನದವನಾದ ನಾನೂ ಸಾಲಿನಲ್ಲಿ ನಿಂತೆ.

ನನಗೆ ಬಂದ ಮತಗಟ್ಟೆ ರಾಜಧಾನಿ ಸ್ಯಾಂಟಿಯಾಗೊದ ನ್ಯಾಷನಲ್ ಸ್ಟೇಡಿಯಂ. 1973ರಲ್ಲಿ ಸರ್ವಾಧಿಕಾರಿ ಪಿನೊಚೆಯ ಸೈನ್ಯ ಸಾವಿರಾರು ಜನರನ್ನು ಕೂಡಿಹಾಕಿದ್ದು ಇದೇ ಜಾಗದಲ್ಲಿ. ಅವನ ಕಾಲದ 1980ರ ಸಂವಿಧಾನವನ್ನು ತೆಗೆಯೋಣವಾ ಅಂತ ಅಲ್ಲೇ ಕೇಳುವುದು ಸರಿಯಾಗಿಯೇ ಇತ್ತು, ಅಲ್ವಾ?

ಓಟು ಹಾಕುವುದು ಸಲೀಸು. ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ, ಮತಪತ್ರ ತಗೊಳ್ಳಬೇಕು. ಅದರಲ್ಲಿ ಎರಡೇ ಆಯ್ಕೆ: 'ಅಪ್ರುಯೆಬೊ', ಅಂದರೆ ಒಪ್ಪಿಗೆ. 'ರೆಚಾಸೊ', ಅಂದರೆ ಬೇಡ. ಎರಡಕ್ಕೂ ಒಂದೊಂದು ಅಡ್ಡಗೆರೆ ಅಚ್ಚಾಗಿರುತ್ತದೆ. ಬೇಕಾದ್ದರ ಮೇಲೆ ಉದ್ದಗೆರೆ ಎಳೆದು, ಮಡಚಿ, ಸ್ಟಿಕ್ಕರ್ ಅಂಟಿಸಿ ಡಬ್ಬಕ್ಕೆ ಹಾಕಿದರೆ ಮುಗೀತು.

ಒಂದು ಅಂಕ ಕತ್ತರಿಸಿದ್ದು ಹೊಸ ಸಂವಿಧಾನದ ಕರಡಿನ ವಿಷಯಕ್ಕೆ. ಸರ್ಕಾರ ಪುಕ್ಕಟೆ ಹಂಚಿತ್ತು, ಫುಟ್‌ಪಾತಿನಲ್ಲೂ ಮಾರುತ್ತಿದ್ದರು. ಆದರೆ 388 ವಿಧಿ! ನೀರಿನ ಹಕ್ಕು ನನಗೆ ಇಷ್ಟವಾಯಿತು, ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆ, ತೆಗೆದದ್ದು ಇಷ್ಟವಾಗಲಿಲ್ಲ. ಏನು ಮಾಡೋದು? ಇಡೀ ಬಾಳೆಎಲೆ ಊಟಕ್ಕೆ 'ಚೆನ್ನಾಗಿದೆ' ಅಥವಾ 'ಚೆನ್ನಾಗಿಲ್ಲ' ಅಂತ ಒಂದೇ ಮಾತು ಹೇಳಬೇಕು. ಓದಲು ಸಿಕ್ಕಿದ್ದು ಎರಡೇ ತಿಂಗಳು. ಮಧ್ಯೆ 'ನಿಮ್ಮ ಮನೆ ಕಿತ್ಕೊಳ್ತಾರೆ' ಅನ್ನೋ ವಾಟ್ಸಾಪ್ ಪುಕಾರು ಬೇರೆ.

ಅಸಲಿ ಮಜಾ ಇರುವುದು ಸಂಜೆ ಆರರ ಮೇಲೆ. ಓಟು ಮುಗಿದ ಮೇಲೆ ಡಬ್ಬ ಅಲ್ಲೇ, ಅದೇ ಮೇಜಿನ ಮೇಲೆ ತೆರೆಯುತ್ತಾರೆ. ಯಾರು ಬೇಕಾದರೂ ನಿಂತು ನೋಡಬಹುದು. ಒಬ್ಬರು ಒಂದೊಂದೇ ಮತಪತ್ರ ಬಿಡಿಸಿ, ಗಟ್ಟಿಯಾಗಿ ಓದಿ, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಯುತ್ತಾರೆ. ರೆಚಾಸೊ, ರೆಚಾಸೊ, ಅಪ್ರುಯೆಬೊ, ರೆಚಾಸೊ... ನಮ್ಮೂರಲ್ಲಿ ಮತಯಂತ್ರಗಳನ್ನು ಸ್ಟ್ರಾಂಗ್‌ರೂಮಿನಲ್ಲಿಟ್ಟು ದಿನಗಟ್ಟಲೆ ಕಾಯುವವರಿಗೆ ಇದು ತೋರಿಸಬೇಕು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸೊನ್ನೆ ಹಾಕಿದ ಮತಪತ್ರ ಕಂಡು ಕಿಸಕ್ಕನೆ ನಕ್ಕರು.

ರಾತ್ರಿ ಊಟದ ಹೊತ್ತಿಗೆ ದೇಶದ ಫಲಿತಾಂಶವೂ ಬಂತು. ಸುಮಾರು 62 ಶೇಕಡಾ ಜನ ಬೇಡ ಅಂದಿದ್ದರು. 2023ರ ಡಿಸೆಂಬರ್‌ನಲ್ಲಿ ಬೇರೆ ಕರಡು ತಂದರು, ಅದೂ ಬಿತ್ತು. ತೇಪೆ ಹಾಕಿದ 1980ರದ್ದೇ ಈಗಲೂ ನಡೀತಿದೆ.

ಮತ್ತೆ ಜನಮತ ಕೇಳಿದರೆ ನೀಲಿ ಪೆನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಎಣಿಕೆಗೂ ನಿಲ್ಲಿ, ಸುಮ್ನೆ ಮನೆಗೆ ಓಡಬೇಡಿ.